‘ಕೊಟ್ಟು’ ಎಂಬ ಮಾತು

1954ರ ಮಾತು. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ ಆಂಧ್ರದ ಕರ್ನೂಲು ಜಿಲ್ಲೆಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ಅಲ್ಲಿ ಸಬ್ ಇನ್ಸ್‌ಪೆಕ್ಟರ್. ಹತ್ತಿ ಮಾರುಕಟ್ಟೆಯ ಎದುರು ಒಬ್ಬ ಬಿಳಿ ದೊರೆಯ ಕಲ್ಲಿನ ಪ್ರತಿಮೆ ಇತ್ತು. ದೊರೆ ಹೋದ ಮೇಲೂ ಅವನ ಕಲ್ಲು ಯಾಕೆ ಎಂದು ಒಂದು ಮಧ್ಯಾಹ್ನ ಇನ್ನೂರರಷ್ಟು ಜನ ಮೆರವಣಿಗೆ ಬಂದರು. ಪ್ರತಿಮೆಗೆ ಪೆಟ್ಟು ಬೀಳಬಾರದು, ಜನರಿಗೂ ಬೀಳಬಾರದು ಎಂದು ಮೇಲಿನವರ ಆಜ್ಞೆ. ಎರಡನ್ನೂ ಒಟ್ಟಿಗೆ ಕಾಯುವುದು ಹೇಗೆಂದು ಅದರಲ್ಲಿರಲಿಲ್ಲ. ನನಗೆ ಆವತ್ತೂ ಗೊತ್ತಿರಲಿಲ್ಲ, ಇವತ್ತೂ ಪೂರ್ತಿ ಗೊತ್ತಿಲ್ಲ.

ನನ್ನ ಜೊತೆ ಇದ್ದದ್ದು ಆರು ಪೊಲೀಸರು. ಎಲ್ಲರೂ ಕೃಷ್ಣಾ ಜಿಲ್ಲೆಯ ಕಡೆಯಿಂದ ಹೊಸದಾಗಿ ಬಂದ ತೆಲುಗರು, ಕನ್ನಡದ ಗಾಳಿಯೂ ಸೋಕದವರು. ನೋಡನೋಡುತ್ತಲೇ ಆಸ್ಪರಿ ಕಡೆಯ ಲಿಂಗಪ್ಪ ಎಂಬ ಹತ್ತಿ ಮಿಲ್ಲಿನ ಕೂಲಿಯವನು ಕಟ್ಟೆ ಹತ್ತಿ, ಸುತ್ತಿಗೆಯಿಂದ ದೊರೆಯ ಬೆರಳು ಮುರಿದ. ಜನ ಕೇಕೆ ಹಾಕಿದರು. ಲಾಠಿ ಬೀಸಿದರೆ ನೂಕುನುಗ್ಗಲಿನಲ್ಲಿ ಯಾರ ಪ್ರಾಣ ಹೋಗುತ್ತದೋ, ಸುಮ್ಮನಿದ್ದರೆ ದೊರೆಯ ತಲೆ ಉಳಿಯುವುದಿಲ್ಲ. ಮಾತಿನಲ್ಲೇ ಇಳಿಸೋಣವೆಂದು ಮುಂದೆ ಹೋಗಿ ಊರ ಮಾತಿನಲ್ಲೇ ಕೂಗಿದೆ:

“ಸುತ್ತಿಗಿ ಕೊಟ್ಟು ಇಳದು ಬಾರಪ್ಪ.”

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಕೊಡಲೆಂದೇ ಕಟ್ಟೆಯ ಮೇಲಿಂದ ಬಗ್ಗಿ ಸುತ್ತಿಗೆ ಹಿಡಿದ ಬಲಗೈ ಚಾಚಿದ. ಅಷ್ಟರಲ್ಲಿ ನನ್ನ ಪಕ್ಕದ ಪೊಲೀಸಿನವನ ಲಾಠಿ ಅವನ ಮಣಿಕಟ್ಟಿಗೆ ಬಿತ್ತು. ಮೂಳೆ ಮುರಿದದ್ದು ನನಗೆ ಕೇಳಿಸಿತು.

ಯಾಕೆ ಹೊಡೆದೆಯೆಂದು ಗದರಿದರೆ ಆ ಪೊಲೀಸಿನವನು ಕಕ್ಕಾಬಿಕ್ಕಿಯಾದ.

“ಮೀರೇ ಕೊಟ್ಟು ಅನ್ನಾರು ಕದಾ, ಸಾರ್.”

ನೀವೇ ಹೊಡಿ ಅಂದಿರಲ್ಲ, ಎಂದು. ತೆಲುಗಿನಲ್ಲಿ ಕೊಟ್ಟು ಎಂದರೆ ಹೊಡಿ. ಎರಡೂ ಭಾಷೆ ಆಡಿಕೊಂಡೇ ಬೆಳೆದ ನನಗೆ ಅದು ಹೊಳೆದಿರಲಿಲ್ಲ, ನಾಚಿಕೆಯಾಯಿತು.

ಲಿಂಗಪ್ಪ ಕೈ ಅವುಚಿಕೊಂಡು, “ಕೊಡು ಅಂದ್ರಿ. ಕೊಡಾಕ ಬಂದ್ರ ಬಡದ್ರಿ” ಎಂದ. ಇಬ್ಬರದೂ ನಿಜವೇ. ಜನ ಪ್ರತಿಮೆಯನ್ನು ಮರೆತು ಅವನನ್ನು ಆಸ್ಪತ್ರೆಗೆ ಕರೆದೊಯ್ದರು.

ತಪ್ಪು ಯಾರದೆಂದು ವರದಿ ಬರೆಯಲು ಕೂತು ಮೂರು ಹಾಳೆ ಹರಿದೆ. ಕೊನೆಗೆ ‘ಆಜ್ಞೆ ನನ್ನದು’ ಎಂದು ಬರೆದೆ. ಕೆಲವೇ ತಿಂಗಳಲ್ಲಿ ಸರ್ಕಾರವೇ ಪ್ರತಿಮೆ ಇಳಿಸಿ ಗೋದಾಮಿಗೆ ಹಾಕಿತು. ಹಾಗಾದರೆ ಆವತ್ತು ನಾವು ಕಾದದ್ದಾದರೂ ಏನನ್ನು?

ಮುಂದೆ ಎಲ್ಲೇ ಬಂದೋಬಸ್ತಿಗೆ ಹೋದರೂ, ಯಾವ ಮಾತಿಗೆ ಯಾವ ಅರ್ಥವೆಂದು ನನ್ನವರ ಜೊತೆ ಮೊದಲೇ ಗೊತ್ತು ಮಾಡಿಕೊಂಡ ಮೇಲೆಯೇ ಲಾಠಿ ಹಂಚಿಸುತ್ತಿದ್ದೆ. ನೌಕರಿ ನನಗೆ ಕಲಿಸಿದ್ದು ಅಷ್ಟು.

ನಿವೃತ್ತನಾದ ಮೇಲೆ ಒಮ್ಮೆ ಆದೋನಿಯಲ್ಲಿ ಚಹಾ ಕುಡಿಯಲು ಹೋದರೆ ಅಂಗಡಿ ಲಿಂಗಪ್ಪನದು. ಗುರುತು ಹಿಡಿದ. ಬಲಗೈ ಸೊಟ್ಟಗೆ ಮಡಿಲಲ್ಲಿತ್ತು. ಲೋಟ ಚಾಚುತ್ತ, “ಎಡಗೈಲೆ ಕೊಡಾಕತ್ತೀನಿ, ತಪ್ಪು ತಿಳಕೋಬ್ಯಾಡ್ರಿ ಸಾಹೇಬ್ರ” ಎಂದ.

ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ.