ವಾರಿಜಕ್ಕನ ಸ್ಕ್ರೂ ಡಬ್ಬಿ

ಇವತ್ತು ಬೆಳಿಗ್ಗೆ ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಶೆಫೀಲ್ಡಿನ ನಮ್ಮ ಮನೆಯ ಮುಂದಿನ ಕೋಣೆ ಆಸ್ಪತ್ರೆಯ ವಾಸನೆ ಹೊಡೆಯತೊಡಗಿತು. ಮೇಜಿನ ಮೇಲೆ ಒಂದು ಟವೆಲು, ಅದರ ಮೇಲೆ ಕಂಪ್ಯೂಟರಿನಿಂದ ಹೊರಗೆಳೆದ ಗ್ರಾಫಿಕ್ಸ್ ಕಾರ್ಡು. ಪಕ್ಕದಲ್ಲಿ ಸೋಮವಾರದಿಂದ ಭಾನುವಾರದವರೆಗೆ ಏಳು ಖಾನೆಗಳಿರುವ ಮಾತ್ರೆ ಡಬ್ಬಿ. ಅದರಲ್ಲಿ ಮಾತ್ರೆಗಳಿಲ್ಲ, ಸ್ಕ್ರೂಗಳಿವೆ. ನೀವು ನನ್ನನ್ನು ಜಾಣನೆಂದುಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ: ಈ ಡಬ್ಬಿಯೂ ನನ್ನದಲ್ಲ, ಈ ಉಪಾಯವೂ ನನ್ನದಲ್ಲ. ಎರಡೂ ವಾರಿಜಕ್ಕನವು.

ವಾರಿಜಕ್ಕ ನಮ್ಮಿಂದ ಎರಡು ಮನೆ ಆಚೆ ಇದ್ದವರು. ಊರು ಮೂಲ್ಕಿಯ ಕಡೆ. ಟ್ರಾಮ್ ನಿಲ್ದಾಣದಲ್ಲಿ ಮೊದಲ ಸಲ ಸಿಕ್ಕಾಗ, "ನಾನು ಇಲ್ಲಿ ಮೂವತ್ತು ವರ್ಷ ಥಿಯೇಟರಿನಲ್ಲಿ ಇದ್ದೆ" ಎಂದರು. ಮೈಸೂರಿನವನಾದ ನನಗೆ ಥಿಯೇಟರ್ ಎಂದರೆ ಸಿನಿಮಾ.

"ಹಾಗಾದ್ರೆ ಎಲ್ಲಾ ಪಿಕ್ಚರೂ ಬಿಟ್ಟಿ ನೋಡಿರ್ತೀರಿ" ಎಂದೆ.

"ನೋಡಿದ್ದೇನೆ ಮಾರಾಯ. ಎಲ್ಲ ಹೊಟ್ಟೆ ಒಳಗಿನದ್ದು!"

ಅವರು ಆಪರೇಷನ್ ಥಿಯೇಟರಿನ ನರ್ಸ್ ಆಗಿದ್ದವರೆಂದು ನನ್ನ ತಲೆಗೆ ಹೋಗುವಷ್ಟರಲ್ಲಿ ಟ್ರಾಮ್ ಎರಡು ನಿಲ್ದಾಣ ದಾಟಿತ್ತು.

ನಿವೃತ್ತಿಯಾದ ಮೇಲೆ ಅವರಿಗೆ ಹತ್ತಿದ ಹುಚ್ಚು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವುದು. ದಿನಕ್ಕೊಮ್ಮೆಯಾದರೂ ಮಂಗಳೂರಿನ ಗುಡ್ಡದ ಮೇಲಿನ ನಿಲ್ದಾಣದಲ್ಲಿ ಇಳಿಯದಿದ್ದರೆ ಅವರಿಗೆ ಚಹಾ ರುಚಿಸುತ್ತಿರಲಿಲ್ಲ. ಕಡಲು, ತೆಂಗಿನ ತೋಟ ಎಲ್ಲ ಪರದೆಯ ಮೇಲೆ ಸರಿಯಾಗಿ ಕಾಣಬೇಕಲ್ಲ, ಅದಕ್ಕೆ ಗ್ರಾಫಿಕ್ಸ್ ಕಾರ್ಡು ಕೊಂಡರು. ಅದು ಬಿಸಿಯಾಯಿತು, ಬಿಚ್ಚಿದರು. ಒಳಗೇನಿದೆ ಎಂದು ಕಂಡ ಮೇಲೆ ಸುಮ್ಮನೆ ಮುಚ್ಚುವ ಜೀವವಲ್ಲ ಅದು.

ಆ ಕಾಲಕ್ಕೆ ನನ್ನ ಸಂಕಟ ಬೇರೆ. ಕಟ್ಟಡಗಳು ಎದ್ದು ನಿಲ್ಲುವ ಮೊದಲೇ ಹೇಗೆ ಕಾಣುತ್ತವೆಂದು ಚಿತ್ರ ಮಾಡಿಕೊಡುವುದು ನನ್ನ ಕೆಲಸ, ಅದೂ ಮನೆಯಿಂದಲೇ. ಹೆಂಡತಿ ಸವಿತಾ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಹಡಿಯಲ್ಲಿ ಮಲಗಿದರೆ, ಕೆಳಗೆ ನನ್ನ ಕಾರ್ಡಿನ ಫ್ಯಾನುಗಳು ಚಟ್ನಿ ರುಬ್ಬುವ ಮಿಕ್ಸಿಯಂತೆ ಅರಚುತ್ತಿದ್ದವು. ಅವಳ ಕಣ್ಣ ಕೆಳಗಿನ ಕಪ್ಪು ನೋಡಿ ವಾರಿಜಕ್ಕನೇ ಒಂದು ದಿನ ಕಾರ್ಡನ್ನು ಟವೆಲಿನ ಮೇಲೆ ಮಲಗಿಸಿದರು.

ಒಂದು ಸ್ಕ್ರೂವಿನ ಮೇಲೆ ಪುಟ್ಟ ಚೀಟಿ ಅಂಟಿಸಿತ್ತು: ಇದನ್ನು ಕಿತ್ತರೆ ವಾರಂಟಿ ಇಲ್ಲ. ನಾನು ಹಿಂಜರಿದೆ.

"ಇದು ಕಂಪನಿಯವರ ಮಡಿ. ಹೊರಗಿನವರು ಮುಟ್ಟಿದ್ರೆ ಮೈಲಿಗೆ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಕಾರ್ಡು ನಿನ್ನದು. ನೀನು ಹೂಂ ಅಂದ್ರೆ ಮಾತ್ರ."

ಮೇಲೆ ಸವಿತಾ ಮಗ್ಗುಲು ಬದಲಿಸಿದ ಸದ್ದಾಯಿತು. ಹೂಂ ಎಂದೆ.

ಆ ಕೈಗಳನ್ನು ನೀವು ನೋಡಬೇಕಿತ್ತು. ಅವಸರವಿಲ್ಲ, ತಡವರಿಕೆಯಿಲ್ಲ. ಒಂದೊಂದು ಸ್ಕ್ರೂ ಹೊರಬಂದಾಗಲೂ ಗಟ್ಟಿಯಾಗಿ ಎಣಿಕೆ, ಒಂದೊಂದು ಜಾತಿಯ ಸ್ಕ್ರೂಗೂ ಡಬ್ಬಿಯಲ್ಲಿ ಒಂದೊಂದು ವಾರದ ಖಾನೆ. ಒಟ್ಟು ಹದಿನಾಲ್ಕು. ಚಿಪ್ಪಿನ ಬಿಸಿ ಎಳೆಯಲೆಂದು ಹಚ್ಚಿದ್ದ, ಈಗ ಒಣಗಿದ್ದ ಹಳೇ ಪೇಸ್ಟನ್ನು ಸ್ಪಿರಿಟ್ಟಿನಿಂದ ಒರೆಸಿ, ಹೊಸದನ್ನು ಸವರಿ, ಅರಚುವ ಫ್ಯಾನುಗಳ ಜಾಗದಲ್ಲಿ ದೊಡ್ಡದಾದ, ನಿಧಾನವಾಗಿ ತಿರುಗುವ ಎರಡು ಫ್ಯಾನು ಕಟ್ಟಿದರು. ಮುಚ್ಚುವ ಮೊದಲು ಮತ್ತೆ ಎಣಿಕೆ. "ಥಿಯೇಟರಿನಲ್ಲಿ ಲೆಕ್ಕ ಸರಿ ಬಾರದೆ ಹೊಟ್ಟೆ ಮುಚ್ಚುವ ಹಾಗಿಲ್ಲ" ಎಂದರು. ಆ ವಾರ ಸವಿತಾ ಮಧ್ಯಾಹ್ನ ಮೂರರವರೆಗೆ ನಿದ್ದೆ ಮಾಡಿದಳು. ವಾರಿಜಕ್ಕನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಎಂಟು ತಿಂಗಳಾದ ಮೇಲೆ ಕಾರ್ಡು ಕೆಟ್ಟಿತು. ನಾನು ಬಿಡಿಸಿದ ಕಟ್ಟಡಗಳ ಮೇಲೆಲ್ಲ ಹಸಿರು ಚೌಕಗಳು. ವಾರಂಟಿ ಇನ್ನೂ ಎರಡು ವರ್ಷ ಇತ್ತು. ಗೊತ್ತಿದ್ದವರೆಲ್ಲ ಕೊಟ್ಟ ಸಲಹೆ ಒಂದೇ: ಹಳೇ ಫ್ಯಾನು ಹಾಕಿ, ಬಾಯಿ ಮುಚ್ಚಿಕೊಂಡು ಕಳಿಸು.

ಹಳೇ ಫ್ಯಾನನ್ನು ವಾರಿಜಕ್ಕನೇ ಹಾಕಿದರು, ಹದಿನಾಲ್ಕು ಸ್ಕ್ರೂ ಸಮೇತ. ಆದರೆ ಅವರ ಮುಖ ಸಣ್ಣದಾಗಿತ್ತು.

"ಬಿಚ್ಚಿದ್ದೇವೆ ಅಂತ ಬರಿ" ಎಂದರು.

"ಅಕ್ಕ, ಬರೆದ್ರೆ ವಾರಂಟಿ ಕೊಡಲ್ಲ."

"ಸುಳ್ಳು ಹೇಳಿದ್ರೆ ಹೊಸ ಕಾರ್ಡು ಬರಬಹುದು ಮಾರಾಯ. ಆದ್ರೆ ಇದು ನನ್ನ ಕೈಯಿಂದ ಹೋದದ್ದಾ ಅಲ್ಲವಾ ಅಂತ ನನಗೆ ಗೊತ್ತಾಗುವುದು ಹೇಗೆ? ಮೂವತ್ತು ವರ್ಷದಲ್ಲಿ ಒಂದು ಸೂಜಿಯನ್ನೂ ಒಳಗೆ ಬಿಟ್ಟವಳಲ್ಲ ನಾನು."

ಆಗಲಿ ಎಂದು ತಲೆಯಾಡಿಸಿದೆ. ಸಂಜೆ ಕಂಪನಿಯ ಫಾರ್ಮ್ ತುಂಬುವಾಗ 'ಕಾರ್ಡನ್ನು ಬಿಚ್ಚಿ ಮಾರ್ಪಡಿಸಲಾಗಿದೆಯೇ?' ಎಂಬಲ್ಲಿ 'ಇಲ್ಲ' ಎಂದು ಗುರುತು ಹಾಕಿದೆ. ತಪ್ಪು ಅವರ ಕೈಮೇಲೆ ಬಾರದಿರಲಿ, ಅದೂ ಅವರ ಒಳ್ಳೆಯದಕ್ಕೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಷ್ಟು ಒಳ್ಳೆಯವನು ನೋಡಿ!

ಮೂರು ವಾರದ ಮೇಲೆ ಕಂಪನಿಯ ಪತ್ರ ಬಂದಾಗ ಅವರು ನಮ್ಮಲ್ಲೇ ಚಹಾ ಕುಡಿಯುತ್ತಿದ್ದರು. ಕನ್ನಡಕ ಏರಿಸಿಕೊಂಡು ತಾವೇ ಓದಿದರು. ದೋಷ ಇದ್ದದ್ದು ಒಂದು ಮೆಮೊರಿ ಚಿಪ್ಪಿನಲ್ಲಿ, ಕಾರ್ಖಾನೆಯಿಂದಲೇ ಬಂದದ್ದು. ಫ್ಯಾನು ಬದಲಿಸಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ, ಹಾಗಾಗಿ ವಾರಂಟಿಗೆ ಅದು ಅಡ್ಡಿಯಲ್ಲ. ಆ ಸಾಲನ್ನು ಎರಡು ಸಲ ಓದಿ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಕಣ್ಣಲ್ಲಿ ನೀರು. ಆದರೆ ಪತ್ರ ಅಲ್ಲಿಗೆ ಮುಗಿದಿರಲಿಲ್ಲ.

"ಪೆಟ್ಟಿಗೆ ಕಟ್ಟುವಾಗ ನಾನು ಒಂದು ಚೀಟಿ ಇಟ್ಟಿದ್ದೆ" ಎಂದರು ನಿಧಾನವಾಗಿ. "ಎಂತ ತೆಗೆದೆ, ಎಂತ ಹಾಕಿದೆ, ಸ್ಕ್ರೂ ಎಷ್ಟು, ಎಲ್ಲ. ಆಪರೇಷನ್ ಆದ ಮೇಲೆ ಬರೀತೇವಲ್ಲ, ಹಾಗೆ. ನೀನು ಫಾರ್ಮಿನಲ್ಲಿ ಬಿಚ್ಚಿಲ್ಲ ಅಂದಿದ್ದೀಯಂತೆ. ಯಾರ ಮಾತು ನಂಬುವುದು ಅಂತ ಕೇಳ್ತಿದ್ದಾರೆ."

"ನಿಮ್ಮದೇ, ಅಕ್ಕ."

"ನನಗೆ ಹೇಳುವುದೆಂತಕ್ಕೆ? ಅವರಿಗೆ ಬರಿ."

ಅವರೆದುರೇ ಕೂತು ಬರೆದೆ. ನಾಲ್ಕು ಸಾಲು ಬರೆಯಲು ಅರ್ಧ ಗಂಟೆ ಬೇಕಾಯಿತು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಅವರು ಒಂದು ಮಾತೂ ಬೈಯಲಿಲ್ಲ, ಇನ್ನೊಂದು ಲೋಟ ಚಹಾ ಕೇಳಿದರು, ಅಷ್ಟೇ.

ಕಂಪನಿಯವರು ಕಳಿಸಿಕೊಟ್ಟ ಬದಲಿ ಕಾರ್ಡೇ ಈಗ ನನ್ನ ಮುಂದೆ ಬಿಚ್ಚಿಕೊಂಡು ಮಲಗಿರುವುದು. ಅದರ ವಾರಂಟಿ ಮುಗಿದು ಎಷ್ಟೋ ಕಾಲವಾಯಿತು. ವಾರಿಜಕ್ಕ ಸ್ಟಾಕ್‌ಪೋರ್ಟಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಈಗ ಅವರ ಕೈ ನಡುಗುತ್ತದೆ, ಚಹಾ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯಬೇಕು. ಹೋಗುವಾಗ ಡಬ್ಬಿಯನ್ನು ನನಗೆ ಕೊಟ್ಟು ಹೋದರು.

ಫ್ಯಾನು ಒರೆಸಿದ್ದಾಯಿತು, ಪೇಸ್ಟು ಸವರಿದ್ದಾಯಿತು. ಬಿಚ್ಚುವಾಗ ಇದರಲ್ಲೂ ಹದಿನಾಲ್ಕು ಸ್ಕ್ರೂ ಇದ್ದವು; ಮುಚ್ಚುವ ಮೊದಲು ಎಣಿಸಿದೆ: ಹದಿಮೂರು. ಮತ್ತೆ ಎಣಿಸಿದೆ. ಗುರುವಾರದ ಖಾನೆಯಲ್ಲಿ ಒಂದು ಕಡಿಮೆ. ಒಂದು ಸ್ಕ್ರೂ ಇಲ್ಲದಿದ್ದರೂ ಕಾರ್ಡು ನಡೆಯುತ್ತದೆ. ಈಗ ತುಂಬಬೇಕಾದ ಫಾರ್ಮೂ ಇಲ್ಲ, ಕೇಳುವ ಕಂಪನಿಯೂ ಇಲ್ಲ.

ಫೋನ್ ಹಚ್ಚಿದೆ. "ಅಕ್ಕ, ಒಂದು ಕಡಿಮೆ ಇದೆ."

"ಹಾಗಾದ್ರೆ ಮುಚ್ಚಬೇಡ" ಎಂದರು. "ಹುಡುಕು. ನಾನು ಇಲ್ಲೇ ಕೂತಿರ್ತೇನೆ."

ಫೋನನ್ನು ಮೇಜಿನ ಮೇಲಿಟ್ಟು, ಮೊಣಕಾಲೂರಿ, ನೆಲದ ಕಾರ್ಪೆಟ್ಟಿನ ಮೇಲೆ ಕೈಯಾಡಿಸತೊಡಗಿದೆ.