ಹಿಂದಿನ ಮುಚ್ಚಳದ ಅರ್ಧ ಸುತ್ತು

ಮುಂಬಯಿಯ ಮುಲುಂಡಿನ ನಮ್ಮ ಬಿಲ್ಡಿಂಗ್ ಹಳೆಯದು. ಲಿಫ್ಟ್ ಇಲ್ಲ, ಮೆಟ್ಟಿಲುಗಳ ಬದಿಗೆ ಕಿಟಕಿಯೂ ಇಲ್ಲ. ಕರೆಂಟು ಹೋದರೆ ಹಗಲಿನಲ್ಲೂ ಅಲ್ಲಿ ಕತ್ತಲೆ. ಕಳೆದ ಮಳೆಗಾಲದಲ್ಲಿ ಮೀಟರ್ ರೂಮಿಗೆ ನೀರು ನುಗ್ಗಿದ ಮೇಲಂತೂ ಕರೆಂಟು ಹೋಗುವುದು ಮಾಮೂಲಾಯಿತು. ಆಫೀಸು ಮುಗಿಸಿ, ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬಂದು, ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಒದ್ದೆ ಕೊಡೆ ಹಿಡಿದು ಮೆಟ್ಟಿಲು ಹತ್ತುವಾಗ ಮೊಬೈಲನ್ನು ಯಾವ ಕೈಯಲ್ಲಿ ಹಿಡಿಯುವುದು? ಅಷ್ಟು ಹೊತ್ತಿಗೆ ಅದರ ಬ್ಯಾಟರಿಯೂ ಮುಗಿಯುತ್ತ ಬಂದಿರುತ್ತದೆ. ಹಾಗಾಗಿ ಹೆಗಲಿಗೆ ಹಾಕುವ ದೊಡ್ಡ ಪರ್ಸಿನಲ್ಲಿ ಇಟ್ಟುಕೊಳ್ಳಲೆಂದು ಒಂದು ಪುಟ್ಟ ಟಾರ್ಚು ತರಿಸಿದೆ.

"ಫೋನ್‌ನಲ್ಲೇ ಟಾರ್ಚ್ ಇದೆ ನಾ ಮಮ್ಮಿ, ಫಿರ್ ಇದು ಯಾಕೆ?" ಎಂದು ಕಾಲೇಜಿಗೆ ಹೋಗುವ ಮಗಳು ನಕ್ಕಳು.

ಯಾಕೆಂದು ತೋರಿಸಬೇಕೆಂಬ ಹಟ ಬಂತು. ತೋರುಬೆರಳಿನಷ್ಟು ಉದ್ದದ, ಕಪ್ಪು ಲೋಹದ ಟಾರ್ಚು ಅದು. ಹಿಂದಿನ ಮುಚ್ಚಳದ ಮೇಲೆ ಒತ್ತುವ ಗುಂಡಿ, ಬದಿಗೊಂದು ಕ್ಲಿಪ್ಪು. ಮೊಬೈಲಿನ ಚಾರ್ಜರೇ ಇದಕ್ಕೂ ಆಗುತ್ತಿತ್ತು. ಬೆಳಕು ಮೂರು ಬಗೆಯದು. ಸಣ್ಣದು ಬಾಗಿಲಿನ ಬೀಗಕ್ಕೆ ಸಾಕು, ನಡುವಿನದು ಮೆಟ್ಟಿಲಿಗೆ ಸರಿ. ದೊಡ್ಡದು ಎದುರಿನ ಬಿಲ್ಡಿಂಗಿನ ನೀರಿನ ಟಾಂಕಿಯವರೆಗೂ ಹೋಗುತ್ತಿತ್ತು, ಆದರೆ ಸ್ವಲ್ಪ ಹೊತ್ತಿಗೇ ಕೈಗೆ ಬಿಸಿ ತಾಗುತ್ತಿತ್ತು. ಹಲ್ಲಿನಲ್ಲಿ ಕಚ್ಚಿಕೊಂಡು ಗ್ಯಾಸ್ ಸಿಲಿಂಡರ್ ಬದಲಿಸಿದೆ. ಬೇಕೆಂದೇ ನೆಲಕ್ಕೆ ಬೀಳಿಸಿ ನೋಡಿದೆ. ರೈಲಿನ ಲೇಡೀಸ್ ಡಬ್ಬಿಯಲ್ಲಿ ಒಬ್ಬಾಕೆಯ ಕಿವಿಯೋಲೆಯ ತಿರುಪು ಸೀಟಿನಡಿ ಉರುಳಿದಾಗ ನಾನು ಟಾರ್ಚು ತೆಗೆದು ಹುಡುಕಿಕೊಟ್ಟೆ. "ಅರೇ, ಪೊಲೀಸ್ ಮೇ ಹೈ ಕ್ಯಾ ಆಪ್?" ಎಂದಳು ಆಕೆ. ಆ ಮಾತಿಗೆ ನಾನು ಮನೆ ಸೇರುವವರೆಗೂ ಉಬ್ಬಿದ್ದೆ.

ಒಂದು ಕೊರತೆ ಮಾತ್ರ ಕಂಡಿತು. ಒಂದು ಮಧ್ಯಾಹ್ನ ಆಫೀಸಿನಲ್ಲಿ ಊಟದ ಡಬ್ಬ ತೆಗೆಯಲು ಪರ್ಸಿಗೆ ಕೈ ಹಾಕಿದರೆ ಕರವಸ್ತ್ರ ಬೆಚ್ಚಗಿತ್ತು. ಡಬ್ಬದ ಅಂಚು ಗುಂಡಿಯನ್ನು ಒತ್ತಿ, ಟಾರ್ಚು ಒಳಗೇ ಉರಿಯುತ್ತಿತ್ತು. ಯಾವಾಗಿನಿಂದಲೋ ಏನೋ. ಉಪಾಯವನ್ನೂ ನಾನೇ ಕಂಡುಕೊಂಡೆ. ಹಿಂದಿನ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿದರೆ ಗುಂಡಿ ಒತ್ತಿದರೂ ಹತ್ತುವುದಿಲ್ಲ. ಬೇಕಾದಾಗ ಬಿಗಿ ಮಾಡಿದರಾಯಿತು. ಆಮೇಲೆ ಅದು ಕೈಗೆ ಅಭ್ಯಾಸವಾಗಿ, ಹಾಗೆ ಮಾಡುತ್ತಿದ್ದೇನೆಂಬುದೇ ಮರೆತುಹೋಯಿತು.

ನಾಲ್ಕನೇ ಮಾಳಿಗೆಯಲ್ಲಿ ಉಡುಪಿ ಕಡೆಯ ಗಂಡ ಹೆಂಡತಿ ಇದ್ದಾರೆ. ಗಂಡ ಬೊರಿವಲಿಯ ಹೋಟೆಲೊಂದರಲ್ಲಿ ಅಡಿಗೆ ಮಾಡಿ ನಿವೃತ್ತರಾದವರು. ನಾನು ಅವರನ್ನು ಅಣ್ಣ ಎಂದೂ ಅವರ ಹೆಂಡತಿಯನ್ನು ಅಕ್ಕ ಎಂದೂ ಕರೆಯುತ್ತೇನೆ. ಒಂದು ಬೆಳಿಗ್ಗೆ ಕರೆಂಟಿಲ್ಲದ ಮೆಟ್ಟಿಲಲ್ಲಿ ಅಣ್ಣ ಸಿಕ್ಕಿದರು.

"ಒಳ್ಳೆ ಬೆಳಕುಂಟಲ್ಲ ಮಾರಾಯ್ತಿ! ಇದು ನಂಗೂ ಒಂದು ಬೇಕು. ಎಂಥದು, ಭರವಸೆಯದ್ದಾ?"

"ಕಣ್ಣುಮುಚ್ಚಿ ತಗೊಳ್ಳಿ ಅಣ್ಣ. ಎಲ್ಲಾ ರೀತಿ ನೋಡಿದ್ದೇನೆ."

"ನೀ ಹೇಳಿದ ಮೇಲೆ ಮುಗೀತು. ಅಂಗಡಿಯವನಿಗೂ ಇಷ್ಟು ಗೊತ್ತಿರ್ಲಿಕ್ಕಿಲ್ಲ."

ಮುಚ್ಚಳದ ವಿಷಯ ಆಗ ನೆನಪಾಗಲೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅಣ್ಣ ಹಾಗೆ ಹೊಗಳುತ್ತಿರುವಾಗ ಅದಕ್ಕೊಂದು 'ಆದರೆ' ಸೇರಿಸಲು ಮನಸ್ಸಾಗಲಿಲ್ಲ. ಟಾರ್ಚು ಬಂದ ಮೇಲೆ ಹೇಳಿದರಾಯಿತು ಎಂದುಕೊಂಡು ಸ್ಟೇಷನ್ನಿಗೆ ಓಡಿದೆ. ಅಂಥದ್ದೇ ಟಾರ್ಚನ್ನು ದಹಿಸರಿನಲ್ಲಿರುವ ಅವರ ಮಗಳು ತಂದುಕೊಟ್ಟಳೆಂದು ಕೇಳಿದೆ. ಆಗಲೂ ಹೇಳಲಿಲ್ಲ.

ಒಂದು ಶನಿವಾರ ಸಂಜೆ ಕರೆಂಟು ಹೋಗಿತ್ತು. ನಾನು ಚಪಾತಿ ಹಿಟ್ಟು ಕಲಸುತ್ತಿದ್ದೆ. ಹೊರಗೆ ಏನೋ ದೊಪ್ಪನೆ ಬಿತ್ತು, ಹಿಂದೆಯೇ "ಅಯ್ಯೋ ದೇವರೇ" ಎಂಬ ದನಿ. ಹಿಟ್ಟಿನ ಕೈಯಲ್ಲೇ ಟಾರ್ಚು ಹಿಡಿದು ಓಡಿದೆ. ಕೆಳಗಿನ ತಿರುವಿನಲ್ಲಿ ಅಣ್ಣ ಗೋಡೆಗೆ ಒರಗಿ ಕುಳಿತಿದ್ದರು. ಹಾಲಿನ ಪ್ಯಾಕೆಟ್ಟು ಒಡೆದು ಪಂಚೆಯೆಲ್ಲ ಒದ್ದೆ. ಬಲಗೈಯನ್ನು ಎದೆಗೆ ಅವುಚಿಕೊಂಡಿದ್ದರು. ಎಡಗೈಯಲ್ಲಿ ಆ ಟಾರ್ಚು.

"ಹತ್ಲೇ ಇಲ್ಲ ಇದು" ಎಂದರು.

"ಸರಿಯಾಗಿ ಚಾರ್ಜ್ ಮಾಡಿರಲಿಕ್ಕಿಲ್ಲ ನೀವು" ಎಂದೆ.

ನನ್ನ ಬಾಯಿಂದ ಮೊದಲು ಹೊರಟದ್ದು ಆ ಮಾತು. ಎಲ್ಲಿ ನೋವಾಯಿತು ಎಂದು ಕೇಳಿದ್ದು ಆಮೇಲೆ.

ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಹಾಕಿಸಿ ರಿಕ್ಷಾದಲ್ಲಿ ಕರೆತಂದೆವು. ನೋಡಲು ಬಂದವರಿಗೆಲ್ಲ ಅಣ್ಣ ಒಂದೇ ಮಾತು ಹೇಳುತ್ತಿದ್ದರು: "ತಪ್ಪು ನನ್ನದೇ. ಚಾರ್ಜ್ ಸರಿ ಮಾಡಿರ್ಲಿಲ್ಲ ಕಾಣ್ತದೆ." ನಾನು ಅಲ್ಲೇ ಅವರ ಮಂಚದ ಬದಿಗೆ, ಕೈಯಲ್ಲಿ ಚಹಾದ ಲೋಟ ಹಿಡಿದು ಕುಳಿತಿರುತ್ತಿದ್ದೆ. ನಾನು ಹೊರಿಸಿದ ತಪ್ಪನ್ನು ಅವರು ತಮ್ಮದೆಂದೇ ಹೊತ್ತುಕೊಂಡಿದ್ದರು.

"ರಿಪೇರಿ ಆಗ್ತದಾ ನೋಡ್ತೇನೆ" ಎಂದು ಅವರ ಟಾರ್ಚನ್ನು ಮನೆಗೆ ತಂದೆ. ನಿಜಕ್ಕೂ ನನಗೆ ಬೇಕಾಗಿದ್ದದ್ದು ರಿಪೇರಿಯಲ್ಲ. ಅದು ಕೆಟ್ಟ ಮಾಲಾಗಿರಲಿ, ಚಾರ್ಜೇ ಹಿಡಿಯದಿರಲಿ ಎಂದು ಬೇಡುತ್ತ ಚಾರ್ಜಿಗೆ ಹಾಕಿದೆ. ಚಾರ್ಜು ಚೆನ್ನಾಗಿಯೇ ಹಿಡಿಯಿತು. ಇಡೀ ರಾತ್ರಿ ಇಟ್ಟರೂ ಇಳಿಯಲಿಲ್ಲ. ಮರುದಿನ ಅದನ್ನು ಅಣ್ಣ ಒಯ್ಯುವಂಥದ್ದೇ ಬಟ್ಟೆಚೀಲದಲ್ಲಿ, ಬೀಗದ ಕೈ ಗೊಂಚಲಿನ ಜೊತೆ ಹಾಕಿಕೊಂಡು, ಮುಚ್ಚಳ ಬಿಗಿಯಾಗಿಯೇ ಬಿಟ್ಟು ಮಾರ್ಕೆಟ್ಟಿಗೆ ಹೋದೆ. ಬೆಂಡೆಕಾಯಿ ಆರಿಸುತ್ತಿದ್ದಾಗ ಅಂಗಡಿಯವಳು "ತಾಈ, ಪಿಶವೀತ್ ಲಾಯಿಟ್ ಲಾಗಲೀಯ್" ಎಂದು ನನ್ನ ಚೀಲದತ್ತ ಬೆರಳು ತೋರಿಸಿದಳು. ಚೀಲದ ಬಟ್ಟೆಯೊಳಗಿಂದ ಬೆಳಕು ಕಾಣುತ್ತಿತ್ತು. ಅಣ್ಣನ ಚೀಲದಲ್ಲೂ ಹೀಗೇ ಉರಿದು ಚಾರ್ಜು ಮುಗಿದಿತ್ತು. ನಾನು ಬೆಂಡೆಕಾಯಿ ಅಲ್ಲೇ ಬಿಟ್ಟು ಮನೆಗೆ ಬಂದೆ.

ನಿಜ ಹೇಳಲು ಮುಂದಿನ ಭಾನುವಾರ ಬೆಳಿಗ್ಗೆ ಮೇಲೆ ಹೋದೆ. ಅಕ್ಕ ಬಾಗಿಲು ತೆಗೆದರು. ಯಾವಾಗಲೂ ನೀಟಾಗಿ ಜಡೆ ಹಾಕಿಕೊಂಡಿರುತ್ತಿದ್ದ ಅವರ ಕೂದಲು ಸಿಕ್ಕುಗಟ್ಟಿತ್ತು, ಅದನ್ನು ಒಂದು ಪಂಚೆಯ ತುಂಡಿನಲ್ಲಿ ಹೇಗೋ ಸುತ್ತಿದ್ದರು. ನಾನು ನೋಡಿದ್ದನ್ನು ಅಣ್ಣ ಗಮನಿಸಿದರು.

"ಅವಳ ಭುಜ ಮೇಲೆ ಏಳುದಿಲ್ಲ. ಜಡೆ ನಾನೇ ಹಾಕುದು ದಿನಾ. ಈಗ ನನ್ನ ಕೈ ಹೀಗೆ" ಎಂದು ಪ್ಲಾಸ್ಟರನ್ನು ಎತ್ತಿ ತೋರಿಸಿ ನಕ್ಕರು.

ಒಂದೇ ಬಿಲ್ಡಿಂಗಿನಲ್ಲಿದ್ದೂ ಇದು ನನಗೆ ಗೊತ್ತೇ ಇರಲಿಲ್ಲ. ನಾನು ಕುಳಿತುಕೊಳ್ಳದೆ ನಿಂತೇ ಎಲ್ಲ ಹೇಳಿದೆ. ಟಾರ್ಚು ತಾನಾಗಿ ಹತ್ತಿಕೊಳ್ಳುತ್ತದೆಂದು ನನಗೆ ಮೊದಲೇ ಗೊತ್ತಿತ್ತು, ತಡೆಯುವ ದಾರಿಯೂ ಗೊತ್ತಿತ್ತು, ಹೇಳಲಿಲ್ಲ, ನಿಮ್ಮ ತಪ್ಪು ಏನೂ ಇಲ್ಲ ಎಂದೆ.

ಅಣ್ಣ ಟಾರ್ಚನ್ನು ತಿರುಗಿಸಿ ನೋಡಿದರು. "ಹೋಗ್ಲಿ ಬಿಡು ಮಾರಾಯ್ತಿ. ನೀನೇನು ನನ್ನನ್ನು ದೂಡಿ ಹಾಕಿದ್ದಾ? ಚಹಾ ಕುಡಿ, ಕೂತ್ಕೋ."

ನನ್ನ ಎದೆ ಹಗುರವಾಗತೊಡಗಿತ್ತು. ಅಷ್ಟರಲ್ಲಿ ಅಕ್ಕ ಅಡಿಗೆಮನೆಯ ಬಾಗಿಲಿಗೆ ಬಂದರು.

"ಚಾರ್ಜ್ ಮಾಡ್ಲಿಕ್ಕೂ ಬರುದಿಲ್ವಾ ನಿಮಗೆ ಅಂತ ಇವರಿಗೆ ನಾನು ದಿನಾ ಬೈದಿದ್ದೇನೆ. ಸ್ನಾನ ಮಾಡಿಸುವಾಗ ಬೈದಿದ್ದೇನೆ, ಊಟ ಬಡಿಸುವಾಗ ಬೈದಿದ್ದೇನೆ. ಇವರು ಒಂದಕ್ಕೂ ಎದುರು ಮಾತಾಡ್ಲಿಲ್ಲ. ಅದೆಲ್ಲ ನಾನೀಗ ಹ್ಯಾಗೆ ವಾಪಸ್ ತಕೊಳ್ಳುದು? ಹೇಳು ನೀನು."

"ಅಕ್ಕ, ಜಡೆ ನಾನು ಹಾಕಿಕೊಡ್ತೇನೆ. ದಿನಾ ಬೆಳಿಗ್ಗೆ ಬರ್ತೇನೆ" ಎಂದೆ.

"ಬೇಡ."

"ಅಯ್ಯೋ, ಹಾಕ್ಲಿ ಮಾರಾಯ್ತಿ" ಎಂದರು ಅಣ್ಣ.

"ಬೇಡ ಅಂದೆ ಅಲ್ವಾ" ಎಂದು ಅಕ್ಕ ಒಳಗೆ ಹೋದರು. ಆ ದಿನದ ಚಹಾವನ್ನು ಅಣ್ಣನೇ ಎಡಗೈಯಲ್ಲಿ ತಂದುಕೊಟ್ಟರು. ಅರ್ಧ ತಟ್ಟೆಗೆ ಚೆಲ್ಲಿತ್ತು. ನಾನು ಕುಡಿದು ಎದ್ದೆ.

ಮುಂದಿನ ವಾರ ದಹಿಸರಿನ ಮಗಳು ಬಂದು, ಸಿಕ್ಕು ಬಿಡಿಸಲಾಗದೆ, ಅಮ್ಮನ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿದಳು. ನಾನು ಅದನ್ನು ತಿಳಿದದ್ದು ಹಾಲಿನ ಬೂತಿನ ಹತ್ತಿರ, ಅಕ್ಕನನ್ನು ಹಿಂದಿನಿಂದ ನೋಡಿ ಗುರುತು ಹಿಡಿಯದೆ ದಾಟಿಹೋದ ಮೇಲೆ. ಆ ವಯಸ್ಸಿನಲ್ಲಿ ಅಷ್ಟು ಕೂದಲು ಇನ್ನು ಬೆಳೆಯುವುದಿಲ್ಲ. ಬಿಲ್ಡಿಂಗಿನ ಹೆಂಗಸರು "ಮಸ್ತ್ ದಿಸತಾಯ್, ಚಂದ ಕಾಣ್ತೀರಿ" ಎಂದು ಅವರನ್ನು ಹುರಿದುಂಬಿಸಿದರು. ನಾನು ಬೇಗಬೇಗ ಮನೆಗೆ ಬಂದುಬಿಟ್ಟೆ.

ಅಣ್ಣನ ಪ್ಲಾಸ್ಟರ್ ತೆಗೆದರು. ಬೆರಳುಗಳು ಇನ್ನೂ ಪೂರ್ತಿ ಮಡಚುವುದಿಲ್ಲ. ಚೆಂಡು ಹಿಸುಕಲು ಡಾಕ್ಟರು ಹೇಳಿದ್ದಾರೆ. ಅವರು ಈಗಲೂ ನನ್ನನ್ನು ಕಂಡರೆ ಮೊದಲಿನ ಹಾಗೆಯೇ ಮಾತಾಡಿಸುತ್ತಾರೆ, ಹೊಸ ಮಿಕ್ಸರ್ ಯಾವುದು ಒಳ್ಳೆಯದೆಂದು ಕೇಳುತ್ತಾರೆ. "ನನಗೆ ಗೊತ್ತಿಲ್ಲ ಅಣ್ಣ" ಎಂದು ಜಾರಿಕೊಳ್ಳುತ್ತೇನೆ.

ಮೊನ್ನೆ ಸಂಜೆ ಕರೆಂಟಿರಲಿಲ್ಲ. ಅಕ್ಕ ಕೈಚೀಲ ಹಿಡಿದು, ಕೆಳಗಿಳಿಯಲು ಮೆಟ್ಟಿಲ ತುದಿಯಲ್ಲಿ ಒಬ್ಬರೇ ನಿಂತಿದ್ದರು. ನಾನು ಬೆಳಕು ಬಿಟ್ಟು, "ಬನ್ನಿ ಅಕ್ಕ" ಎಂದೆ.

"ಚಂದ ಕಾಣ್ತದೆ ಕೂದಲು" ಎಂದೂ ಸೇರಿಸಿದೆ.

"ಸುಳ್ಳು ಹೇಳ್ಬೇಡ" ಎಂದರು.

ಆದರೆ ಇಳಿಯುವಾಗ ನನ್ನ ತೋಳು ಹಿಡಿದುಕೊಂಡರು. ಕೆಳಗೆ ತಲುಪಿದ ಕೂಡಲೇ ಬಿಟ್ಟು, ಹಿಂದೆ ನೋಡದೆ ಮಾರ್ಕೆಟ್ಟಿನ ಕಡೆ ನಡೆದರು.