ಹನ್ನೊಂದು ಅರ್ಜಿಗೆ ಒಂದೇ ಫೋನ್ ನಂಬರು

2023ರ ಸೆಪ್ಟೆಂಬರ್. ಯಾದಗಿರಿ ಹೊರವಲಯದ ಹೊಸ ಜಿನ್ನಿಂಗ್ ಕಾರ್ಖಾನೆಯೊಂದರಲ್ಲಿ ನಾನು ನೇಮಕಾತಿ ಅಧಿಕಾರಿ. ಹುದ್ದೆಯ ಹೆಸರು ದೊಡ್ಡದು, ವಿಭಾಗದಲ್ಲಿ ಇದ್ದವಳು ನಾನೊಬ್ಬಳೇ. ಹತ್ತಿಯಿಂದ ಬೀಜ ಬೇರ್ಪಡಿಸಿ, ಅರಳೆಯನ್ನು ಒತ್ತಿ ಬೇಲ್ ಮೂಟೆ ಕಟ್ಟಿ ನೂಲಿನ ಗಿರಣಿಗಳಿಗೆ ಕಳಿಸುವುದು ಅಲ್ಲಿನ ಕೆಲಸ. ಹತ್ತಿ ಗಾಡಿಗಳು ಬರತೊಡಗುವ ಮೊದಲು ನಮಗೊಬ್ಬ ಗ್ರೇಡರ್ ಬೇಕಿತ್ತು. ಲ್ಯಾಬಿನ ಯಂತ್ರದ ಅಳತೆಗೆ ಕಾಯದೆ, ಗಾಡಿಯ ಬಳಿಯೇ ಬಂದ ಮಾಲಿನ ಎಳೆ ಎಷ್ಟುದ್ದ, ಹಸಿ ಎಷ್ಟು, ಕಸ ಎಷ್ಟು ಎಂದು ನೋಡಿ ದರ್ಜೆ ಹೇಳುವವರೇ ಗ್ರೇಡರ್. ಅವರ ಮಾತು ತಪ್ಪಿದರೆ ಇಡೀ ಲಾರಿ ಮಾಲು ಗಿರಣಿಯಿಂದ ವಾಪಸ್ ಬರುತ್ತದೆ.

ಅರ್ಜಿ ಬರುವುದಕ್ಕೆ ಎರಡು ದಾರಿ ಇದ್ದವು. ಒಂದು ಜಾಬ್ ಪೋರ್ಟಲ್: ನಾವು ಜಾಹೀರಾತು ಹಾಕುತ್ತೇವೆ, ಅಭ್ಯರ್ಥಿ ಒಂದು ಬಟನ್ ಒತ್ತಿದರೆ ಅವನ ರೆಸ್ಯೂಮೆ ನಮಗೆ ಬಂದು ಬೀಳುತ್ತದೆ. ಇನ್ನೊಂದು ನಮ್ಮದೇ ವೆಬ್‌ಸೈಟಿನ ಕರಿಯರ್ ಪುಟ. ಹೈದರಾಬಾದಿನ ಹೆಡ್ ಆಫೀಸಿನವರು ಮಾಡಿದ್ದು. ಅದನ್ನು ತುಂಬಲು ಅರ್ಧ ಗಂಟೆ ಬೇಕು. ಕೊನೆಯಲ್ಲೊಂದು ಖಾಲಿ ಚೌಕ ಬೇರೆ: "ಈ ಕೆಲಸವನ್ನು ನೀವು ಹೇಗೆ ಮಾಡುತ್ತೀರಿ? ನಿಮ್ಮ ಮಾತಿನಲ್ಲಿ ಬರೆಯಿರಿ."

ಈ ಪುಟವನ್ನು ಮುಚ್ಚಬೇಕು ಎನ್ನುವುದು ನನ್ನ ವಾದ. ಸುರಪುರದ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾ ತಂಡದಲ್ಲಿದ್ದವಳು ನಾನು. ಎದುರಿನವರ ಮಾತು ಮುಗಿಯುವ ಮೊದಲೇ ಅದರಲ್ಲಿ ತೂತು ಎಲ್ಲಿದೆ ಎಂದು ಹುಡುಕುವ ಚಟ ಇನ್ನೂ ಬಿಟ್ಟಿರಲಿಲ್ಲ. ಸಂಖ್ಯೆ ಹೆಚ್ಚಿದ್ದಲ್ಲಿ ಆಯ್ಕೆ ಹೆಚ್ಚು, ಆಯ್ಕೆ ಹೆಚ್ಚಿದ್ದಲ್ಲಿ ಗುಣಮಟ್ಟ ಹೆಚ್ಚು ಎಂದು ಮೀಟಿಂಗಿನಲ್ಲಿ ಮೂರು ಸ್ಲೈಡ್ ತೋರಿಸಿದೆ. ನಮ್ಮ ಮ್ಯಾನೇಜರ್ ಪಾಟೀಲ ಸರ್ ಚಹಾದ ಕಪ್ ಇಟ್ಟು, "ಚರ್ಚಾದಾಗ ಕಪ್ ಗೆದ್ದಾಕಿ ಜೋಡಿ ನಾ ವಾದ ಮಾಡಂಗಿಲ್ಲವ್ವಾ. ಗ್ರೇಡರ್ ತಂದು ನಿಲ್ಲಸು, ಆಮ್ಯಾಲ ಯಾವ ಅಂಗಡಿ ಮುಚ್ತಿ ಮುಚ್ಚು" ಅಂದರು.

ಪೋರ್ಟಲಿನಿಂದ ನಾನೂರ ಹನ್ನೆರಡು ಅರ್ಜಿ ಬಂದವು. ಮೂವತ್ತು ಮಂದಿಗೆ ಫೋನ್ ಮಾಡಿದೆ, ಬಂದವರು ನಾಲ್ವರು. ಇಬ್ಬರು ಹತ್ತಿಯನ್ನು ಅಂಗಿಯ ರೂಪದಲ್ಲಿ ಬಿಟ್ಟರೆ ಬೇರೆ ರೂಪದಲ್ಲಿ ನೋಡಿದವರಲ್ಲ. ಒಬ್ಬ ಸ್ಟೇಷನ್ನಿನಿಂದ ಹೊರಗೆ ಬಂದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿ, ಮುಂದಿನ ರೈಲು ಹತ್ತಿದ. ನಾಲ್ಕನೆಯವನು ನಿಜಕ್ಕೂ ತಿಳಿದವನು. ಸೇರಿದ, ಆರನೇ ದಿನ ಬೇರೆ ಕಡೆ ಕರೆ ಬಂತೆಂದು ಹೋದ.

ಕರಿಯರ್ ಪುಟಕ್ಕೆ ಬಂದದ್ದು ಹದಿನಾಲ್ಕು ಅರ್ಜಿ. ಅದರಲ್ಲಿ ಹನ್ನೊಂದಕ್ಕೆ ಒಂದೇ ಫೋನ್ ನಂಬರು, ಒಂದೇ ಇಮೇಲ್. ಯಾರೋ ಏಜೆಂಟನ ಕೈವಾಡ ಅನ್ನಿಸಿತು. ಹನ್ನೊಂದನ್ನೂ ಒಟ್ಟಿಗೆ ಟಿಕ್ ಮಾಡಿ "ನಕಲಿ" ಎಂಬ ಬಟನ್ ಒತ್ತಿದೆ. ಒಂದನ್ನೂ ತೆರೆದು ಓದಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು, ನನ್ನ ವಾದಕ್ಕೆ ಪುರಾವೆ ಸಿಕ್ಕಿತ್ತಲ್ಲ. ಪುರಾವೆ ಗಟ್ಟಿಯಾಗಲಿ ಎಂದು ಆ ನಂಬರಿಗೆ ಫೋನ್ ಹಚ್ಚಿದೆ. "ಯಾರ್ ಬೇಕ್ರಿ? ಗೋಗಿಯವರಾ, ಶಹಾಪುರದವರಾ?" ಎಂದಿತು ದನಿ. ಅಂಗಡಿ ಎಲ್ಲಿದೆ ಎಂದು ಕೇಳಿಕೊಂಡು, ಮರುದಿನ ಶಹಾಪುರದ ಬಸ್ ಹತ್ತಿದೆ.

ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಸೆಂಟರ್, ಒಂದು ಕಂಪ್ಯೂಟರ್, ಒಂದು ಬೆಂಚು. ಮಾಲೀಕ ಮೈಬೂಬ್, ನಲವತ್ತರ ಆಸುಪಾಸು. ನಾನು ಯಾರೆಂದು ಹೇಳಿದ ಮೇಲೂ ಗಾಬರಿಯಾಗಲಿಲ್ಲ, ಬೆಂಚಿನ ಮೇಲಿನ ಧೂಳು ಒರೆಸಿ ಕೂಡಿಸಿದ. ಒಂದೇ ನಂಬರು ಯಾಕೆ ಎಂದು ಕೇಳಿದೆ.

"ನಂಬರ್ ನಂದೇರಿ ಮೇಡಂ. ಈ ಮಂದಿ ಮನ್ಯಾಗ ಒಂದ ಫೋನ್ ಇರ್ತದ, ಅದು ಗಂಡನ ಕಿಸೇದಾಗೋ ಮಗನ ಕಿಸೇದಾಗೋ ಊರೂರು ತಿರಗ್ತದ. ನೀವು ಮುಂಜಾನಿ ಹನ್ನೊಂದಕ್ಕ ಫೋನ್ ಮಾಡ್ತೀರಿ, ಅದು ಗದ್ದ್ಯಾಗ ಟ್ರ್ಯಾಕ್ಟರ್ ಮ್ಯಾಲ ಹೊಡ್ಕೊಂತ ಇರ್ತದ. ನನ್ನ ನಂಬರಿಗೆ ಬಂದ್ರ ಆಟೋದವನ ಕೈಲಿ ಹೇಳಿ ಕಳಸ್ತೀನಿ. ಸಂಜಿಕ್ಕ ಮುಟ್ತದ."

ದುಡ್ಡು ಎಷ್ಟು ತಗೊಳ್ಳುತ್ತೀಯ ಎಂದೆ. ಗೋಡೆಯ ಮೇಲೆ ಅಂಟಿಸಿದ್ದ ಫಾರ್ಮ್ ತುಂಬುವ ದರಪಟ್ಟಿ ತೋರಿಸಿದ. ಎಲ್ಲರಿಗೂ ಅದೇ. ಹಾಗಿದ್ದರೆ ಪೋರ್ಟಲಿನಲ್ಲಿ ಯಾಕೆ ಹಾಕಲಿಲ್ಲ ಎಂದು ಮುಂದಿನ ಪ್ರಶ್ನೆ ಎಸೆದೆ. ಅಲ್ಲಿ ರೆಸ್ಯೂಮೆ ಇಲ್ಲದೆ ಬಾಗಿಲೇ ತೆರೆಯುವುದಿಲ್ಲ, ಇಲ್ಲಿ ಕೊನೆಗೊಂದು ಚೌಕ ಇದೆ, ಅವರು ಹೇಳಿದ್ದನ್ನು ಹೇಳಿದ ಹಾಗೆ ಅದರಲ್ಲಿ ಹೊಡೆಯುತ್ತೇನೆ ಎಂದು ವಿವರಿಸಿದ. ಆಮೇಲೆ ಮೆಲ್ಲಗೆ ಸೇರಿಸಿದ: "ನೀವು ಅದನ್ನ ಓದೀರಿ ಅಲ್ಲ?"

ಅವನ ಕಂಪ್ಯೂಟರಿನಲ್ಲೇ ಮೊದಲ ಸಲ ಓದಿದೆ. ಹೆಸರು ಹುಲಿಗೆಮ್ಮ, ಊರು ಗೋಗಿ. ಚೌಕದಲ್ಲಿ ಇಷ್ಟೇ ಇತ್ತು: "ಅರಳಿ ಕೈಯಾಗ ಹಿಡದು ಎಳದ್ರ ಎಷ್ಟುದ್ದ ಐತಿ ಗೊತ್ತಾಗ್ತದ. ಗಲ್ಲಕ್ಕ ಹಚ್ಚಿದ್ರ ಹಸಿ ಗೊತ್ತಾಗ್ತದ. ಹನ್ನೆರಡು ವರ್ಷ ಮಾಡೀನಿ. ಕಾಗದ ಇಲ್ಲ."

ಅವಳ ಕಥೆ ಮೈಬೂಬನೇ ಹೇಳಿದ. ಶಹಾಪುರದ ಒಂದು ಹತ್ತಿ ಅಡತಿಯಲ್ಲಿ, ಅಂದರೆ ರೈತರ ಮಾಲು ಮಾರಿಸಿಕೊಡುವ ದಲ್ಲಾಳಿ ಅಂಗಡಿಯಲ್ಲಿ, ಇದ್ದಳಂತೆ. ಸಾಹುಕಾರ ದರ ಕೂಗುವ ಮೊದಲು ಇವಳ ಮುಖ ನೋಡುತ್ತಿದ್ದನಂತೆ. ಹಾಜರಿ ಪುಸ್ತಕದಲ್ಲಿ ಮಾತ್ರ ಅವಳು ಕಸ ಹೊಡೆಯುವಾಕೆ. ಸಾಹುಕಾರ ತೀರಿಕೊಂಡ, ಅಂಗಡಿ ಮುಚ್ಚಿತು. ಬೇರೆ ಅಡತಿಗಳಲ್ಲಿ ಅನುಭವದ ಪತ್ರ ಕೇಳಿದರು. ಸೋಮವಾರ ಊರಿನ ಹೆಂಗಸರ ಗುಂಪು ಹತ್ತಿ ಬಿಡಿಸಲು ಬೇರೆ ಜಿಲ್ಲೆಗೆ ಹೋಗುತ್ತದೆ, ನಾಲ್ಕು ತಿಂಗಳು. ಕೆಲಸ ಆಗದಿದ್ದರೆ ಅವಳೂ ಹೋಗುತ್ತಾಳೆ. ಅಂದು ಗುರುವಾರ. ನಾಳೆ ಕಳಿಸು ಎಂದೆ. ನಂಬಿ ಹೇಳಿದ್ದಲ್ಲ. ಇಂಥ ಮಾತುಗಳನ್ನು ಪರೀಕ್ಷೆಯಲ್ಲಿ ಉದುರಿಸುವುದು ನನಗೆ ರೂಢಿ.

ಶುಕ್ರವಾರ ಹತ್ತಕ್ಕೆ ಹುಲಿಗೆಮ್ಮ ಲ್ಯಾಬಿನಲ್ಲಿದ್ದಳು. ನಲವತ್ತೈದು ದಾಟಿದ ಗಟ್ಟಿ ಹೆಂಗಸು. ಚಪ್ಪಲಿ ಹೊರಗೆ ಬಿಟ್ಟಿದ್ದಳು, ಕುರ್ಚಿ ಬೇಡ ಅಂದಳು. ಟೆಕ್ನೀಷಿಯನ್ ಸಂತೋಷ್ ಹೆಡ್ ಆಫೀಸಿನಿಂದ ತರಿಸಿದ್ದ ಹಿಂದಿನ ವರ್ಷದ ಐದು ಮಾದರಿಗಳನ್ನು ಟ್ರೇಗಳಲ್ಲಿ ಇಟ್ಟ. ಪ್ರತಿಯೊಂದರ ಅಳತೆಯನ್ನೂ ಯಂತ್ರ ಆಗಲೇ ಹೇಳಿತ್ತು, ಆ ಕಾಗದ ನನ್ನ ಕೈಯಲ್ಲಿತ್ತು.

ಅವಳು ಒಂದು ಚಿಟಿಕೆ ಅರಳೆ ತೆಗೆದು, ಎರಡೂ ಕೈಯ ಹೆಬ್ಬೆರಳ ನಡುವೆ ಎಳೆದು, ಮತ್ತೆ ಒಂದರ ಮೇಲೊಂದು ಕೂಡಿಸಿ, ಮತ್ತೆ ಎಳೆದಳು. ಐದಾರು ಸಲ ಹೀಗೆ ಮಾಡಿದ ಮೇಲೆ ಎಳೆಗಳೆಲ್ಲ ಬಾಚಿದ ಕೂದಲಿನಂತೆ ಒಂದೇ ದಿಕ್ಕಿಗೆ ಮಲಗಿದವು. ತನ್ನ ಉಗುರಿನ ಪಕ್ಕ ಇಟ್ಟು ನೋಡಿ, "ಇಪ್ಪತ್ತೆಂಟು" ಅಂದಳು. ಕಾಗದದಲ್ಲಿ ಇಪ್ಪತ್ತೆಂಟು ಮಿಲಿಮೀಟರ್ ಎಂದೇ ಇತ್ತು. ಎರಡನೆಯದು ಸರಿ. ಮೂರನೆಯದು ಸರಿ. ನಾಲ್ಕನೆಯದನ್ನು ಕೆನ್ನೆಗೆ ತಾಕಿಸಿ, ಇದು ಹಸಿ ಇದ್ದಾಗ ಬೇಲ್ ಕಟ್ಟಿದ್ದು ಎಂದಳು. ಕಾಗದದಲ್ಲೂ ಹಾಗೇ ಬರೆದಿತ್ತು.

ಐದನೆಯ ಟ್ರೇ ಹತ್ತಿರ ನಿಂತಳು. ಚಿಟಿಕೆಯ ಮೇಲೆ ಚಿಟಿಕೆ ತೆಗೆದು ಎಳೆದು ನೋಡಿದಳು. ನನ್ನ ಕಾಗದದಲ್ಲಿ ಇಪ್ಪತ್ತೊಂಬತ್ತು ಎಂದಿತ್ತು. ಸಿಕ್ಕಿಬಿದ್ದಳು ಅಂದುಕೊಂಡೆ.

"ಇದಕ್ಕ ಒಂದ ಅಳತಿ ಹೇಳಾಕ ಬರಂಗಿಲ್ರಿ" ಅಂದಳು.

ಯಂತ್ರ ಹೇಳಿದೆಯಲ್ಲ ಎಂದೆ.

"ಹೇಳಿರ್ಬೇಕ್ರಿ. ಇದು ಒಂದ ಹೊಲದ್ದಲ್ಲ."

ಆಮೇಲೆ ಟ್ರೇಯನ್ನು ಮೇಜಿನ ಮೇಲೆ ಮಗುಚಿ, ಮಾತಿಲ್ಲದೆ ಬೇರ್ಪಡಿಸತೊಡಗಿದಳು. ನನ್ನ ಕಣ್ಣಿಗೆ ಎಲ್ಲವೂ ಒಂದೇ ಬಿಳುಪು, ಒಂದೇ ಮೆತ್ತಗಿನ ಅರಳೆ. ಅವಳ ಬೆರಳುಗಳು ಮಾತ್ರ ತಡವರಿಸಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಮೇಜಿನ ಮೇಲೆ ಎರಡು ಗುಡ್ಡೆ. ಸಂತೋಷ್ ಎರಡನ್ನೂ ಬೇರೆ ಬೇರೆಯಾಗಿ ಯಂತ್ರಕ್ಕೆ ಹಾಕಿದ. ಒಂದು ಇಪ್ಪತ್ತೇಳು, ಇನ್ನೊಂದು ಮೂವತ್ತೊಂದು.

ನಾನು ನಂಬುವವಳಲ್ಲ, ಆದ್ದರಿಂದ ಗುಡ್ಡೆಗಳನ್ನು ಕಲಸಿ ಇನ್ನೊಂದು ಸಲ ಮಾಡಿಸಿದೆ. ಅದೇ ಬಂತು. ಒಂದೇ ಮಾದರಿಯೊಳಗೆ ಎಳೆಗಳು ಸಮ ಇಲ್ಲ ಎಂದು ಯಂತ್ರವೂ ಎರಡನೇ ಕಾಲಮ್ಮಿನಲ್ಲಿ ಹೇಳಿತ್ತಂತೆ, ಆ ಕಾಲಮ್ಮನ್ನು ನಾವ್ಯಾರೂ ನೋಡಿರಲಿಲ್ಲ. ಪಾಟೀಲ ಸರ್ ಬಂದು, ಎರಡೂ ಗುಡ್ಡೆ ಮುಟ್ಟಿ ನೋಡಿ, ವ್ಯತ್ಯಾಸ ತಿಳಿಯದೆ ನಕ್ಕರು.

ಕೆಲಸ ಕೊಡುವುದು ಖಾತ್ರಿಯಾಯಿತು. ಆದರೆ ಸಿಸ್ಟಮ್ ಬಿಡಲಿಲ್ಲ. "ನಕಲಿ" ಎಂದು ಗುರುತು ಬಿದ್ದವರ ಹೆಸರು ಒಂದು ವರ್ಷ ಲಾಕ್, ಆಫರ್ ಲೆಟರ್ ಹೊರಡುವುದಿಲ್ಲ. ಪಾಟೀಲ ಸರ್ ಅವಳ ಎದುರೇ ಸುಲಭದ ದಾರಿ ಹೇಳಿದರು: ಸದ್ಯಕ್ಕೆ ಸ್ವಚ್ಛತೆ ಗುತ್ತಿಗೆಯಲ್ಲಿ ಸೇರಿಸೋಣ, ಮಾಡುವುದು ಗ್ರೇಡಿಂಗ್ ಕೆಲಸವೇ, ಮುಂದಿನ ವರ್ಷ ಹುದ್ದೆಯ ಹೆಸರು ಬದಲಿಸಿದರಾಯಿತು.

ಹುಲಿಗೆಮ್ಮ ಸೆರಗು ಸರಿ ಮಾಡಿಕೊಂಡಳು. "ಕಸಾ ಹೊಡಿಯಾಕಿ ಅಂತ ಬರಸ್ಕೊಂಡು ಹತ್ತಿ ನೋಡೋದು ಹನ್ನೆರಡು ವರ್ಷ ಆತ್ರೀ ಸರ. ಅದಕ್ಕಿಂತ ಹತ್ತಿ ಬಿಡಸಾಕ ಹೋಗೋದು ಚಲೋ. ಬಿಡಸಾಕಿಗೆ ಬಿಡಸಾಕಿ ಅಂತಾದ್ರೂ ಅಂತಾರ." ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಲಾಕ್ ತೆಗೆಯಲು ಇದ್ದದ್ದು ಒಂದೇ ದಾರಿ. ಗುರುತು ಹಾಕಿದವರೇ ತಾವು ತಪ್ಪಿದ್ದು ಹೇಗೆಂದು ಹೆಡ್ ಆಫೀಸಿಗೆ ಬರೆದುಕೊಡಬೇಕು. ಅದು ನನ್ನ ಸೇವಾ ಕಡತದಲ್ಲಿ ಉಳಿಯುತ್ತದೆ. ಪ್ರೊಬೇಷನ್ ಮುಗಿಯಲು ಎರಡು ತಿಂಗಳಿತ್ತು. ಅಂದು ಮಧ್ಯಾಹ್ನ ನಾಲ್ಕು ಸಲ ಬರೆದೆ. ಮೊದಲ ಮೂರರಲ್ಲಿ ಒಂದೇ ನಂಬರು ಇದ್ದರೆ ಅನುಮಾನ ಸಹಜ ಎಂದು ನನ್ನ ಪರವಾಗಿ ವಾದಿಸಿದ್ದೆ. ನಾಲ್ಕನೆಯದರಲ್ಲಿ ಒಂದೇ ಸಾಲು: "ಹನ್ನೊಂದು ಅರ್ಜಿಗಳನ್ನು ಓದದೆ ತಿರಸ್ಕರಿಸಿದ್ದೇನೆ." ಅದನ್ನೇ ಕಳಿಸಿದೆ.

ಶನಿವಾರ ಸಂಜೆ ಲಾಕ್ ತೆರೆಯಿತು. ಆಫರ್ ಲೆಟರ್ ಮೈಬೂಬನ ಇಮೇಲಿಗೆ ಹೋಯಿತು, ಅದರ ಪ್ರಿಂಟ್ ಆಟೋದಲ್ಲಿ ಗೋಗಿಗೆ ಹೋಯಿತು. ಮುಟ್ಟಿತೋ ಇಲ್ಲವೋ ಎಂದು ಭಾನುವಾರ ಇಡೀ ದಿನ ತಿಳಿಯಲಿಲ್ಲ. ಸೋಮವಾರ ಎಂಟೂಮುಕ್ಕಾಲಿಗೆ ಗೇಟಿನಲ್ಲಿದ್ದಳು, ಕಾಗದ ಕೈಯಲ್ಲಿ. ಹುದ್ದೆಯ ಸಾಲು ಯಾವುದು ತೋರಿಸಿ ಎಂದಳು. ತೋರಿಸಿದೆ. ಮಗಳ ಕೈಲಿ ಓದಿಸಿದ್ದೇನೆ, ಆದರೂ ಕಂಪನಿಯವರ ಬಾಯಲ್ಲಿ ಕೇಳಬೇಕು ಎಂದಳು. ಓದಿದೆ: ಗ್ರೇಡರ್.

ಆಮೇಲೆ ನಾನು ತಡವರಿಸುತ್ತ, ನಿಮ್ಮ ಅರ್ಜಿ ನೋಡುವುದರಲ್ಲಿ ತಪ್ಪಾಯಿತು ಎಂದೆ.

"ನೀವು ನೋಡೇ ಇಲ್ಲಲ್ರೀ ಮೇಡಂ" ಅಂದಳು. ಮೈಬೂಬ್ ಹೇಳಿರಬೇಕು; ಸಿಟ್ಟಿರಲಿಲ್ಲ. "ನೋಡಿದ್ರ ಅಲ್ರೀ ತಪ್ಪಾಗೋದು. ನಂಗೂ ಎಷ್ಟೋ ಸಲ ಆಗ್ಯದ."

ಒಂದು ಉದಾಹರಣೆಯಿಂದ ಸಿದ್ಧಾಂತ ಕಟ್ಟುವುದನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಉಳಿದ ಹತ್ತು ಅರ್ಜಿ ಓದಿದೆ, ಮೂವರು ಬೇರೆ ಕೆಲಸಗಳಿಗೆ ಬಂದರು, ಏಳು ಮಂದಿ ನಮಗೆ ಆಗುವವರಲ್ಲ. ಪೋರ್ಟಲಿನಿಂದಲೂ ಆಮೇಲೆ ಒಳ್ಳೆಯ ಎಲೆಕ್ಟ್ರಿಷಿಯನ್ ಸಿಕ್ಕ. ಯಾವ ದಾರಿ ಮೇಲು ಎಂಬ ಚರ್ಚೆಯನ್ನು ನಾನು ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ. ನೇಮಕಾತಿ ಕೆಲಸ ನನಗೆ ಕಲಿಸಿದ್ದು ಬೇರೆ. ಚರ್ಚೆಯಲ್ಲಿ ಎದುರಿನವರನ್ನು ಸೋಲಿಸಬೇಕಾದರೂ ಮೊದಲು ಅವರ ಮಾತು ಕೇಳಲೇಬೇಕು. ನನ್ನ ಕುರ್ಚಿಯಲ್ಲಿ ಕೂತವರಿಗೆ ಆ ತೊಂದರೆಯೂ ಇಲ್ಲ. ಹನ್ನೊಂದು ಮಂದಿಯನ್ನು ಸೋಲಿಸಲು ಒಂದು ಬಟನ್ ಸಾಕು, ಸೋತವರಿಗೆ ಅದು ಗೊತ್ತೂ ಆಗುವುದಿಲ್ಲ.